ಖಾಲಿ ಟ್ಯೂಬು ತೋರಿಸಿದವಳಿಗೆ

ನೀಲಮ್ಮ, ನಿನಗೆ ಕೊಡಬೇಕಾದ ಔಷಧಿ ಯಾವುದೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮೂರು ವರ್ಷ ತಪ್ಪು ಟ್ಯೂಬು ಕೊಟ್ಟೆ. ಮರೆವಿನಿಂದಲ್ಲ, ಅವಸರದಿಂದಲ್ಲ — ಒಂದು ಪ್ರಶ್ನೆ ಕೇಳುವುದು ನನಗೆ ಬೇಡವಾಗಿತ್ತು, ಅಷ್ಟೇ.

ಕುಷ್ಟಗಿಯ ನನ್ನ ಔಷಧಿ ಅಂಗಡಿ ಒಂಬತ್ತಕ್ಕೆ ತೆರೆಯುತ್ತದೆ, ಒಂಬತ್ತೂ ಐದಕ್ಕಲ್ಲ. ಪ್ರತಿ ಡಬ್ಬಿಯ ಹೆಸರು ಮುಂದಕ್ಕಿರಬೇಕು, ಶನಿವಾರ ಅವಧಿ ಮುಗಿದವನ್ನು ತೆಗೆಯಬೇಕು. ಇಷ್ಟೆಲ್ಲ ಶಿಸ್ತಿನವಳು ನಾನು — ನೆನೆದರೆ ಮೈ ಉರಿಯುತ್ತದೆ.

ಹೆಂಗಸರು ಬರುತ್ತಿದ್ದುದು ಮಧ್ಯಾಹ್ನ ಎರಡರ ಮೇಲೆ, ಗಂಡಸರು ಊಟಕ್ಕೆ ಹೋದಾಗ. ಬಾಯಿ ಬಿಡುತ್ತಿರಲಿಲ್ಲ. ಖಾಲಿ ಟ್ಯೂಬನ್ನು ಕರವಸ್ತ್ರದಿಂದ ತೆಗೆದು ತೋರಿಸುವುದು, ನಾನು ಅಂಥದ್ದೇ ಹೊಸದನ್ನು ಪೇಪರಿನಲ್ಲಿ ಸುತ್ತಿ ಕೊಡುವುದು. ನಿಮ್ಮೂರು ಹನುಮಸಾಗರದಿಂದ ಬರುತ್ತಿದ್ದ ಒಂದು ಟ್ಯೂಬನ್ನಂತೂ ಗುರುತು ಹಿಡಿದಿದ್ದೆ — ಬುಡದಲ್ಲಿ ಹಲ್ಲಿನಿಂದ ಕಚ್ಚಿದ ಗುರುತು. ಪ್ರತಿ ಸಲ ಬೇರೆ ಕೈಯಲ್ಲಿ ಬರುತ್ತಿತ್ತು. ನಿಮ್ಮ ಓಣಿಯವರೆಲ್ಲ ಒಂದೇ ಖಾಲಿ ಟ್ಯೂಬನ್ನು ಒಬ್ಬರಿಂದೊಬ್ಬರು ಇಸಿದುಕೊಂಡು ಬರುತ್ತಿದ್ದಿರಿ. ಒಬ್ಬೊಬ್ಬರ ತೊಂದರೆ ಒಂದೊಂದಿರಬಹುದು ಎಂದು... ಹೊಳೆದಿತ್ತು. ಹೊಳೆದೂ ಸುಮ್ಮನಿದ್ದೆ.

ಅದು ಹುಳಕಡ್ಡಿಗೆಂದು ಮಾರುವ, ಸ್ಟೀರಾಯ್ಡ್ ಬೆರೆತ ಕ್ರೀಮು. ನಾಲ್ಕು ದಿನ ತಂಪು, ಆಮೇಲೆ ಅದೇ ಉರಿ. ಹೆಂಗಸರ ಒಳಗಿನ ಶಿಲೀಂಧ್ರ ಸೋಂಕಿಗೆ ಬೇಕಾದದ್ದು ಒಳಗೆ ಇಡುವ ಗುಳಿಗೆ, ಇಲ್ಲವೆ ವೈದ್ಯರು ಬರೆದರೆ ನುಂಗುವ ಕ್ಯಾಪ್ಸೂಲು. ಎರಡೂ ಕೆಳಗಿನ ಕಪಾಟಿನಲ್ಲಿದ್ದವು, ಹೆಸರು ಮುಂದಕ್ಕಿಟ್ಟು. ಆದರೆ ಗುಳಿಗೆ ಕೊಟ್ಟರೆ ಹೇಗೆ ಇಟ್ಟುಕೊಳ್ಳಬೇಕೆಂದು ಹೇಳಬೇಕಲ್ಲ — ಬಾಯಿಬಿಟ್ಟು.

ಕಂಪನಿಯ ಪ್ರತಿನಿಧಿ ಹೊಗಳುತ್ತಿದ್ದ: “ಕೊಪ್ಪಳದಾಗ ಸೈತ ಈ ಟ್ಯೂಬು ಇಷ್ಟು ಹೋಗಂಗಿಲ್ರಿ ಮೇಡಮ್ಮಾರ. ನಿಮ್ಮಲ್ಲೇ ಡಿಮ್ಯಾಂಡ್ ಭಾಳ ಐತಿ.” ಡಿಮ್ಯಾಂಡಂತೆ. ವಾಸಿಯಾಗದೆ ತಿರುಗಿ ಬರುವವರನ್ನು ಬೇಡಿಕೆ ಎಂದುಕೊಂಡು ಇನ್ನೂ ಹೆಚ್ಚು ತರಿಸಿದೆ.

ಬಾಯಿ ಬಿಟ್ಟವಳು ನೀನೊಬ್ಬಳೇ, ಓಣಿಗೆಲ್ಲ ಕುಪ್ಪಸ ಹೊಲಿಯುವವಳು.

“ಅಕ್ಕಾರ, ತಿಂಗಳಿಗೊಮ್ಮೆ ತಿರುಗಿ ಬರತೈತ್ರಿ. ನೀರಡಿಕಿನೂ ಭಾಳ. ಡಾಕ್ಟರಿಗೆ ತೋರಿಸಲೇನ್ರಿ?”

ಮತ್ತೆ ಮತ್ತೆ ಸೋಂಕು, ಜೊತೆಗೆ ನೀರಡಿಕೆ. ಸಕ್ಕರೆ ಕಾಯಿಲೆ ಇದೆಯೇ ನೋಡಿಸಬೇಕೆಂದು ಓದಿ ಪಾಸಾದವಳು ನಾನು. ಅಷ್ಟರಲ್ಲಿ ಗಂಡಸೊಬ್ಬ ಕೆಮ್ಮುತ್ತ ಮೆಟ್ಟಿಲು ಹತ್ತಿದ.

“ಬಿಸಲಿಗೆ ಹಂಗ ಆಗತೈತಿ,” ಎಂದೆ. “ಹಚ್ಕೋ, ಹೋಗತೈತಿ.”

“ನೀವು ಹೇಳಿದ್ರ ಮುಗೀತ ಬಿಡ್ರಿ.” ನೀನು ನಕ್ಕು ಹೋದೆ.

ಹೋದ ತಿಂಗಳು ದೊಡ್ಡಾಸ್ಪತ್ರೆಯ ಚೀಟಿ ಹಿಡಿದು ಬಂದೆಯಲ್ಲ. “ಸಕ್ರಿ ಕಣ್ಣಿಗೆ ಇಳದೈತಂತ್ರಿ. ಮೊದಲ ಗೊತ್ತಾಗಿದ್ರ ಛಲೋ ಇತ್ತಂತ. ಸೂಜಿ ಪೋಣಿಸಾಕ ಈಗ ಸೊಸಿ ಬೇಕು. ಆಕಿ ನನಗ ಕುಪ್ಪಸ ಕಲಿಸಾಕ ನಿಂತಾಳ.” ನಿನ್ನ ತಮಾಷೆ ಅದು. ನಾನು ಚೀಟಿ ಓದಿ, ಮಾತ್ರೆ ಎಣಿಸಿ ಕೊಟ್ಟೆ. ಆಗಲೂ ಹೇಳಲಿಲ್ಲ.

ಈಗ ಅಂಗಡಿಯ ಹಿಂದೆ ಪರದೆ ಕಟ್ಟಿ ಸ್ಟೂಲು ಹಾಕಿದ್ದೇನೆ. ಖಾಲಿ ಟ್ಯೂಬು ತೋರಿಸಿದರೆ ಔಷಧಿ ಇಲ್ಲ; ಒಳಗೆ ಕೂತು ಎಂದಿನಿಂದ, ಎಷ್ಟು ಸಲ ಎಂದು ಹೇಳಬೇಕು, ತಿರುಗಿ ಬರುತ್ತಿದ್ದರೆ ವೈದ್ಯರಲ್ಲಿಗೆ ಹೋಗಬೇಕು. “ನಿಮ್ಮಲ್ಲೆ ಔಷಧಕ್ಕ ಬಂದೀನಿ, ಪೊಲೀಸ್ ಸ್ಟೇಷನ್ನಿಗಲ್ಲ,” ಎಂದು ನಿಮ್ಮ ಓಣಿಯವಳೇ ಒಬ್ಬಳು ಆ ಕಚ್ಚಿದ ಟ್ಯೂಬನ್ನು ಸೆರಗಿಗೆ ಕಟ್ಟಿಕೊಂಡು ಎದುರಿನ ಅಂಗಡಿಗೆ ಹೋದಳು. ಅಲ್ಲಿ ಯಾರೂ ಏನೂ ಕೇಳುವುದಿಲ್ಲ. ಆ ರೂಢಿ ಮಾಡಿಸಿದವಳು ನಾನೇ.

ಈ ಪತ್ರವನ್ನು ಅಂಚೆಗೆ ಹಾಕುವುದಿಲ್ಲ. ಈ ಅಕ್ಷರ ನಿನ್ನ ಕಣ್ಣಿಗೆ ನಿಲುಕುವುದಿಲ್ಲ, ಸೊಸೆಯಿಂದ ಓದಿಸುವ ಮಾತೂ ಇದಲ್ಲ. ರವಿವಾರ ಮೊದಲ ಬಸ್ಸಿಗೆ ಬರುತ್ತೇನೆ. ನಿನ್ನ ಹೊಲಿಗೆ ಯಂತ್ರದ ಪಕ್ಕ ಕೂತು ನಾನೇ ಓದುತ್ತೇನೆ — ಬಾಯಿಬಿಟ್ಟು.