ಬಸ್ಸಿಗೊಂದು ತುತ್ತು

ಪೆಟ್ರೋಲೆಲ್ಲ ಯುದ್ಧಕ್ಕೆ ಹೊರಟುಹೋದ ಮೇಲೆ, ಮಳವಳ್ಳಿಯಿಂದ ಮದ್ದೂರಿಗೆ ಹೋಗುವ ಬಸ್ಸು ಇದ್ದಿಲು ತಿನ್ನುವುದಕ್ಕೆ ಶುರು ಮಾಡಿತು. ಅದರ ಬೆನ್ನಿಗೆ ಆಳೆತ್ತರದ ಕಬ್ಬಿಣದ ಪೀಪಾಯಿಯೊಂದನ್ನು ಕಟ್ಟಿದ್ದರು. ಮೇಲಿಂದ ಇದ್ದಿಲು ಸುರಿಯಬೇಕು, ಒಳಗೆ ಬೆಂಕಿ ಹಚ್ಚಬೇಕು, ಪಕ್ಕದ ಹಿಡಿ ತಿರುಗಿಸಿ ತಿರುಗಿಸಿ ಗಾಳಿ ಹಾಕಬೇಕು, ಅರ್ಧ ಗಂಟೆ ಕೆಮ್ಮಬೇಕು. ಆಮೇಲೆ ಹುಟ್ಟುವ ಗ್ಯಾಸಿನಲ್ಲಿ ಬಸ್ಸು ಓಡುತ್ತಿತ್ತು. ಓಡುತ್ತಿತ್ತು ಅನ್ನುವುದು ದೊಡ್ಡ ಮಾತಾಯಿತು. ಸಣ್ಣ ಏರು ಬಂದರೆ ಗಂಡಸರು ಇಳಿದು ನಡೆಯಬೇಕು. ದೊಡ್ಡ ಏರು ಬಂದರೆ ಹೆಂಗಸರೂ ಇಳಿಯಬೇಕು, ಗಂಡಸರು ತಳ್ಳಬೇಕು. ಟಿಕೀಟು ತಗೊಂಡು ತಳ್ಳುವ ಸುಖ ಇನ್ನೆಲ್ಲಿ ಸಿಗುತ್ತದೆ ಹೇಳಿ.

ಈ ಬಸ್ಸಿನ ಡ್ರೈವರು ಅಸದುಲ್ಲಾ. ಮೂವತ್ತರ ಆಸುಪಾಸಿನ ಕಡ್ಡಿ ಆಳು. ಹುಬ್ಬಿನ ಮೇಲೆ ಸದಾ ಇದ್ದಿಲ ಮಸಿ. ಎಂಜಿನ್ನಿಗೆ ಕಿವಿ ಕೊಟ್ಟರೆ ಸಾಕು, ಯಾವ ನಟ್ಟು ಸಡಿಲವಾಗಿದೆ ಅಂತ ಹೇಳಿಬಿಡುತ್ತಿದ್ದ. ಮಳವಳ್ಳಿ ಪೇಟೆಯಲ್ಲಿ ಆ ವಿಷಯದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಆದರೆ ಮನೆಯಲ್ಲಿ ಎರಡೂವರೆ ವರ್ಷದ ಒಂದು ಪುಟ್ಟ ಎಂಜಿನ್ನಿತ್ತು, ಅದರ ಹೆಸರು ಸುರಯ್ಯಾ. ಅದರ ಯಾವ ನಟ್ಟು ಎಲ್ಲಿದೆ ಅನ್ನುವುದು ಮಾತ್ರ ಅವನಿಗೆ ಕೊನೆಗೂ ತಿಳಿಯಲಿಲ್ಲ.

ಸುರಯ್ಯಾಳಿಗೆ ಜಗತ್ತಿನಲ್ಲಿ ಇರುವುದನ್ನೆಲ್ಲ ಬಿಚ್ಚಿ ನೋಡಬೇಕು, ಬಿಚ್ಚಲಾಗದ್ದನ್ನು ನೆಕ್ಕಿ ನೋಡಬೇಕು. ಕೋಳಿ ಎಲ್ಲಿಂದ ಮೊಟ್ಟೆ ಇಡುತ್ತದೆಂದು ಕೋಳಿಯನ್ನೇ ತಲೆಕೆಳಗಾಗಿ ಹಿಡಿದು ಹುಡುಕಿದವಳು ಅವಳು. ಇಂಥವಳ ಮನೆಗೆ ಆ ನಲವತ್ಮೂರನೇ ಇಸವಿಯಲ್ಲಿ ತಮ್ಮನೊಬ್ಬ ಹುಟ್ಟಿದ. ಮೂರನೇ ದಿನಕ್ಕೇ ಅಸದುಲ್ಲಾನ ತಾಯಿ ಸುಲ್ತಾನ್ ಬೀ ಬೊಬ್ಬೆ ಹಾಕುತ್ತ ಬೀದಿಗೆ ಬಂದಳು. ಮನೆಮಾತು ಅವರದು ಉರ್ದು. ಮುದುಕಿ ಕೂಗಿದ್ದರ ಸಾರ ಇಷ್ಟು: "ಕೂಸಿನ ಕಣ್ಣು ಯಾವಾಗಲೂ ಮುಚ್ಚಿರುತ್ತದಲ್ಲ, ಒಳಗೇನಿದೆ ಅಂತ ನಿನ್ನ ಮಗಳು ಬೆರಳು ಹಾಕಿ ಬಿಡಿಸ್ತಾ ಇದ್ದಾಳೆ! ಇವಳನ್ನು ಕರಕೊಂಡು ಹೋಗ್ತೀಯೋ, ನಾನೇ ಮನೆ ಬಿಟ್ಟು ಹೋಗಲೋ?"

ಬಾಣಂತಿ ಹಬೀಬುನ್ನೀಸಾ ನಲವತ್ತು ದಿನ ಕೋಣೆ ಬಿಟ್ಟು ಹೊರಗೆ ಬರುವ ಹಾಗಿಲ್ಲ. ಮುದುಕಿಗೆ ಕೂಸನ್ನು ಕಾಯುವುದೇ ಆಯಿತು. ಇನ್ನು ಉಳಿದವನು ಯಾರು? ಅಸದುಲ್ಲಾ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಸ್ಸಿಗೆ ಬಂದ. ನಿಜ ಹೇಳಬೇಕೆಂದರೆ ಅವನಿಗೆ ಒಳಗೊಳಗೇ ಖುಷಿಯಾಗಿತ್ತು. ಬೆಳಿಗ್ಗೆ ಹೋಗುವಾಗ ನಿದ್ದೆಯಲ್ಲಿ, ರಾತ್ರಿ ಬರುವಾಗ ನಿದ್ದೆಯಲ್ಲಿ ಸಿಗುತ್ತಿದ್ದ ಮಗಳು ಈಗ ದಿನವೆಲ್ಲ ಕೈಗೆ ಸಿಕ್ಕಿದ್ದಳು.

ಸಿಕ್ಕಿದ್ದೇ ಫಜೀತಿ. ಎರಡನೇ ವಾರ ಕಂದಾಯ ವಸೂಲಿಯ ಶೇಕ್ದಾರರೊಬ್ಬರು ಬಸ್ಸಿನಲ್ಲಿ ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದರು. ಆ ಬಾಯಿ ಎಷ್ಟು ಆಳವಿರಬಹುದು ಅಂತ ನೋಡಲು ಸುರಯ್ಯಾ ಅದರೊಳಗೆ ಒಂದು ಕಡಲೆಕಾಯಿ ಬೀಜ ಹಾಕಿದಳು. ಶೇಕ್ದಾರರು ಕೆಮ್ಮಿದ ಕೆಮ್ಮಿಗೆ ಅವರ ರುಮಾಲು ಹಾರಿ ಕಿಟಕಿಯಿಂದಾಚೆ ಗದ್ದೆಗೆ ಬಿತ್ತು. ದೂರು ಬಸ್ಸಿನ ಮಾಲೀಕರಾದ ಕೆಂಪಯ್ಯಗೌಡರಿಗೆ ಹೋಯಿತು.

ಕೆಂಪಯ್ಯಗೌಡರೆಂದರೆ ಸಾಮಾನ್ಯವೇ? ಐದು ಜನ ಬೆಳೆದ ಗಂಡುಮಕ್ಕಳು ಅವರೆದುರು ನಿಂತು ಉಸಿರೆತ್ತುತ್ತಿರಲಿಲ್ಲ. "ಲೇ ಅಸದುಲ್ಲಾ," ಅಂದರು, "ಇನ್ನೊಂದ್ ದಪ ನಿನ್ ಮಗ್ಳು ನನ್ ಬಸ್ನಾಗೆ ಕಂಡ್ಲೋ, ಸ್ಟೇರಿಂಗು ಮಡಗ್ಬುಟ್ಟು ಮನೆಗೋಗು. ನಮ್ ಭಾವಮೈದ ಓಡುಸ್ತಾನೆ."

ಅರ್ಧಕ್ಕರ್ಧ ಬಸ್ಸುಗಳು ಪೆಟ್ರೋಲಿಲ್ಲದೆ ಕೊಟ್ಟಿಗೆ ಸೇರಿದ್ದ ಕಾಲ. ಈ ಸ್ಟೇರಿಂಗು ಕೈಬಿಟ್ಟರೆ ಇನ್ನೊಂದು ಸ್ಟೇರಿಂಗು ಸಿಗುವುದಿಲ್ಲ ಅಂತ ಅಸದುಲ್ಲಾನಿಗೆ ಗೊತ್ತಿತ್ತು. ಆದರೆ ಮಗಳನ್ನು ಮನೆಯಲ್ಲಿ ಬಿಟ್ಟರೆ ಮಗನ ಕಣ್ಣು ಉಳಿಯುವುದಿಲ್ಲ ಅನ್ನುವುದೂ ಗೊತ್ತಿತ್ತು. ಗೌಡರು ಬಸ್ಸು ಹತ್ತುವುದೇ ಅಪರೂಪ, ಅವರಿಗೆ ಜಟಕಾ ಇದೆ, ಮಗಳ ಮುಖವನ್ನು ಅವರು ಕಂಡೂ ಇಲ್ಲ ಎಂಬ ಒಂದೇ ಧೈರ್ಯದ ಮೇಲೆ ಕದ್ದುಮುಚ್ಚಿ ಕರೆದುಕೊಂಡು ಬರುತ್ತಲೇ ಇದ್ದ.

ಇನ್ನು ಅವಳಿಗೆ ಉಣ್ಣಿಸುವುದು. ಆ ಕಷ್ಟ ವೈರಿಗೂ ಬೇಡ. ಬೇರೆ ಮನೆಗಳಲ್ಲಿ ಕಾಗೆಗೊಂದು ತುತ್ತು, ಚಂದಮಾಮನಿಗೊಂದು ತುತ್ತು ಅನ್ನುತ್ತಾರೆ. ಇವಳಿಗೆ ಕಾಗೆಯೂ ಬೇಡ, ಚಂದಮಾಮನೂ ಬೇಡ. ಕೊನೆಗೆ ಅಸದುಲ್ಲಾ, "ಒಂದು ತುತ್ತು ನಿಂಗೆ, ಒಂದು ತುತ್ತು ಬಸ್ಸಿಗೆ," ಅಂದು ನೋಡಿದ. ಕೆಲಸ ಮಾಡಿತು! ಪೀಪಾಯಿಯ ಕೆಳಗೆ ಗಾಳಿ ಎಳೆದುಕೊಳ್ಳುವ ಒಂದು ಕೊಳವೆ, ಸರಿಯಾಗಿ ಮಗುವಿನ ಎತ್ತರಕ್ಕೆ ಬಾಯಿ ತೆರೆದುಕೊಂಡಿತ್ತು. ಪ್ರತಿ ಬೆಳಿಗ್ಗೆ ಅವಳಿಗೊಂದು ತುತ್ತು ಮುದ್ದೆ ಕೊಡುವುದು, ಆಮೇಲೆ ಬರಿಗೈಯನ್ನು ಕೊಳವೆಯ ಹತ್ತಿರ ತಂದು "ಗುಳುಂ" ಅನ್ನುವುದು. ಬಸ್ಸು ತನಗಿಂತ ಮೊದಲು ಉಂಡು ಮುಗಿಸಿಬಿಟ್ಟೀತೆಂದು ಅವಳು ಗಬಗಬ ನುಂಗುತ್ತಿದ್ದಳು. ಇಂಥ ಉಪಾಯ ಹೊಳೆದಿದ್ದಕ್ಕೆ ಅಸದುಲ್ಲಾ ತನ್ನ ಬೆನ್ನನ್ನು ತಾನೇ ತಟ್ಟಿಕೊಂಡಿದ್ದ.

ಒಂದು ಮಂಗಳವಾರ ಬಸ್ಸು ಇನ್ನೇನು ಹೊರಡಬೇಕು, ಎದುರಿಗೆ ಕೆಂಪಯ್ಯಗೌಡರು! ಕಂಕುಳಲ್ಲಿ ಕೊಡೆ, ಕೈಯಲ್ಲಿ ಚೀಲ. ಜಟಕಾ ಕುದುರೆ ಕುಂಟುತ್ತಿದೆಯಂತೆ, ಇದ್ದಿಲಿನ ಪರ್ಮಿಟ್ಟಿಗೆ ಬೆಂಗಳೂರಿಗೆ ಹೋಗಬೇಕಂತೆ, ಮದ್ದೂರಿನಲ್ಲಿ ರೈಲು ಹಿಡಿಯಬೇಕಂತೆ. ಅಸದುಲ್ಲಾ ಮಗಳನ್ನು ಎತ್ತಿದವನೇ ಹಿಂದಿನ ಸೀಟಿನಲ್ಲಿ ವೀಳ್ಯದೆಲೆ ಬುಟ್ಟಿ ಇಟ್ಟುಕೊಂಡು ಕೂತಿದ್ದ ಮರಿತಾಯಮ್ಮನ ಮಡಿಲಿಗೆ ಹಾಕಿದ.

"ಅವ್ವಾ, ಮದ್ದೂರ್ ಗಂಟ ಇವ್ಳು ನಿನ್ ಮೊಮ್ಮಗ್ಳು ಕಣವ್ವ. ಕೈ ಮುಗಿತೀನಿ."

ಮರಿತಾಯಮ್ಮ ವಾರಕ್ಕೆ ಎರಡು ಸಲ ಮದ್ದೂರಿಗೆ ಎಲೆ ಮಾರಲು ಹೋಗುವವಳು. "ಆಗ್ಲಿ ಬುಡಪ್ಪ. ಆರ್ ಜನ ಮೊಮ್ಮಕ್ಳವ್ರೆ, ಇದೊಂದ್ ಏಳ್ನೇದು," ಅಂದಳು.

ಅಸದುಲ್ಲಾ ಮಗಳ ಕಿವಿಯಲ್ಲಿ ಹೇಳಿದ: "ಬೇಟಿ, ಇವತ್ತು ನನ್ನ ಅಬ್ಬಾ ಅನ್ನಬಾರದು. ಡ್ರೈವರ್ ಅನ್ನು. ಅಬ್ಬಾ ಅಂದರೆ ನೋಡು, ಅಲ್ಲಿ ಕೂತಿದ್ದಾರಲ್ಲ ಆ ಮೀಸೆಯವರು, ಬೆರಳು ಕಚ್ಚಿಬಿಡ್ತಾರೆ."

ಬೇರೆ ಮಗುವಾಗಿದ್ದರೆ ಹೆದರಿ ಮುದುಡಿಕೊಳ್ಳುತ್ತಿತ್ತು. ಸುರಯ್ಯಾಳ ಕಣ್ಣು ಅಗಲವಾಯಿತು. ಕಚ್ಚುವ ಮನುಷ್ಯ! ನಾಯಿ ಕಚ್ಚುವುದನ್ನು ನೋಡಿದ್ದಳು, ಇರುವೆ ಕಚ್ಚುವುದನ್ನು ನೋಡಿದ್ದಳು. ಇಷ್ಟು ದೊಡ್ಡ ಗೌಡರು ಕಚ್ಚುವುದನ್ನು ನೋಡಿರಲಿಲ್ಲ. ಬಸ್ಸು ಮಳವಳ್ಳಿ ದಾಟುವಷ್ಟರಲ್ಲಿ ಅವಳು ಮರಿತಾಯಮ್ಮನ ಮಡಿಲಿನಿಂದ ಜಾರಿ, ಜನರ ಕಾಲುಗಳ ನಡುವೆ ನುಸುಳಿ, ಗೌಡರ ಎದುರು ನಿಂತಿದ್ದಳು.

"ಹಲ್ಲು ತೋರ್ಸು," ಅಂದಳು.

"ಯಾರ್ಲಾ ಇದು? ಯಾರ್ ಮಗಾಲಾ?" ಗೌಡರು ಗುಡುಗಿದರು.

ಅಸದುಲ್ಲಾ ಹಿಂದಕ್ಕೆ ತಿರುಗಿ ನೋಡಿದ, ಬಸ್ಸು ಒಂದು ಕಡೆಗೆ ಎಳೆಯಿತು. ಎದುರಿಗೆ ಬರುತ್ತಿದ್ದ ಎತ್ತಿನಗಾಡಿಯವನು ಹೆದರಿ ಗದ್ದೆಗಿಳಿದ.

"ನನ್ ಮೊಮ್ಮಗ್ಳು ಕಣ್ ಬುದ್ದಿ!" ಹಿಂದಿನಿಂದ ಮರಿತಾಯಮ್ಮ ಕೂಗಿದಳು. "ಹೊಂಬಾಳಮ್ಮ ಅಂತವ. ಬಾರವ್ವ ಹೊಂಬಾಳಿ."

ತನಗೆ ಇನ್ನೊಂದು ಹೆಸರು ಬಂದಿದ್ದು ಸುರಯ್ಯಾಳಿಗೆ ಬಹಳ ಹಿಡಿಸಿತು. ಅಕ್ಕಪಕ್ಕದವರಿಗೆಲ್ಲ "ನಾನು ಹೊಂಬಾಳಿ" ಅಂತ ಹೇಳಿಕೊಂಡು ಬಂದಳು. ಬಸ್ಸಿನಲ್ಲಿದ್ದವರೆಲ್ಲ ದಿನವೂ ಅವಳನ್ನು ನೋಡುವವರೇ. ಒಬ್ಬರೂ ಬಾಯಿ ಬಿಡಲಿಲ್ಲ. ಕಂಡಕ್ಟರ್ ನಿಂಗಯ್ಯನಂತೂ ನಗು ತಡೆಯಲಾರದೆ ಟಿಕೀಟು ಪುಸ್ತಕದಲ್ಲಿ ಮುಖ ಮುಚ್ಚಿಕೊಂಡ. ಅಸದುಲ್ಲಾನಿಗೆ ನಗು ಎಲ್ಲಿಂದ ಬರಬೇಕು? ಮದ್ದೂರು ಬಂದರೆ ಸಾಕಪ್ಪಾ ದೇವರೇ ಅಂತ ಎಲ್ಲ ದೇವರಿಗೂ ಒಟ್ಟಿಗೇ ಹೇಳಿಕೊಂಡ.

ಕಾಳಮುದ್ದನದೊಡ್ಡಿಯಲ್ಲಿ ಬಸ್ಸು ನಿಂತಿತು. ನಿಂಗಯ್ಯ ಪೀಪಾಯಿಗೆ ಇನ್ನಷ್ಟು ಇದ್ದಿಲು ಸುರಿದ. ಬಸ್ಸಿಗೆ ಮಾತ್ರ ಊಟ ಹಾಕಿದರೆ ಹೇಗೆ? ಮರಿತಾಯಮ್ಮನ ಜೊತೆ ಕೆಳಗಿಳಿದಿದ್ದ ಸುರಯ್ಯಾ, ಸೀಟಿನ ಪಕ್ಕದಿಂದ ಎತ್ತಿಕೊಂಡು ಬಂದಿದ್ದ ಅಪ್ಪನ ಬುತ್ತಿ ಬಿಚ್ಚಿ ಒಂದು ತುತ್ತು ತಾನು ತಿಂದಳು. ಉಳಿದ ಇಡೀ ಮುದ್ದೆಯನ್ನು ಕೊಳವೆಯೊಳಗೆ ತುರುಕಿದಳು. ಇವತ್ತು ಬಸ್ಸು ನಿಜವಾಗಿಯೂ ಗುಳುಂ ಅಂದಿತು.

ಅರ್ಧ ಮೈಲಿ ಹೋಗುವಷ್ಟರಲ್ಲಿ ಎಂಜಿನ್ನು ಬಿಕ್ಕಳಿಸಿತು. ಇನ್ನೂ ನಾಲ್ಕು ಮಾರು ಹೋಗಿ ನಿಂತೇಬಿಟ್ಟಿತು.

"ರೈಲು ತಪ್ತೋ, ನಿನ್ ಕೆಲ್ಸಾನೂ ತಪ್ತು ತಿಳ್ಕೊ!" ಅಂತ ಗೌಡರು ಕೊಡೆ ಕುಟ್ಟಿದರು.

ಅಸದುಲ್ಲಾ ಕೆಳಗೆ ಹಾರಿದ. ಬಾನೆಟ್ಟು ಎತ್ತಿದ, ತಂತಿ ಎಳೆದ, ಕಿವಿಯಿಟ್ಟು ಕೇಳಿದ. ಏನೂ ಗೊತ್ತಾಗಲಿಲ್ಲ. ಕೊನೆಗೆ ಮೂಗಿಗೆ ಗೊತ್ತಾಯಿತು. ಗಮ್ಮೆಂದು ರಾಗಿ ಹುರಿದ ವಾಸನೆ!

"ಯಾರೋ ಹುರಿಹಿಟ್ ಮಾಡ್ತಾವ್ರೆ," ಅಂದ ನಿಂಗಯ್ಯ ಆಸೆಯಿಂದ.

ಅಸದುಲ್ಲಾ ಕೊಳವೆಗೆ ಕೋಲು ಹಾಕಿ ಎಳೆದ. ಒಂದು ಕಡೆ ಕರಕಲಾಗಿ, ಇನ್ನೊಂದು ಕಡೆ ಐದು ಪುಟ್ಟ ಬೆರಳುಗಳ ಗುರುತಿದ್ದ ಮುದ್ದೆ ಹೊರಗೆ ಬಂದು ಗೌಡರ ಕಾಲ ಬುಡಕ್ಕೆ ಉರುಳಿತು. ಎಲ್ಲರೂ ನೋಡಿದರು.

"ಯಾವನ್ಲಾ ಬಸ್ಸಿಗೆ ಮುದ್ದೆ ಇಕ್ದೋನು?"

"ನಾನು!" ಸುರಯ್ಯಾ ಎದೆಯುಬ್ಬಿಸಿ ಮುಂದೆ ಬಂದಳು. "ಬಸ್ಸು ಉಂತು. ಸಾರು ಇಲ್ಲ."

ಗೌಡರು ಮರಿತಾಯಮ್ಮನ ಮೇಲೆ ಹರಿಹಾಯ್ದರು. "ಏನಮ್ಮಿ, ಮಗೀನ ಇಂಗಾ ಬೆಳ್ಸಾದು?"

ಮರಿತಾಯಮ್ಮ ಸುಮ್ಮನಿರುವವಳೇ? "ನಿಮ್ ಬಸ್ಸು ಇದ್ಲು ತಿಂದದೆ, ಮುದ್ದೆ ತಿನ್ನಕ್ಕಿಲ್ವಾ ಬುದ್ದಿ? ಮಗೀಗೇನ್ ಗೊತ್ತು?" ಅಂದಳು.

ನಿಂಗಯ್ಯ ಜೀವ ಹೋಗುವ ಹಾಗೆ ಗಾಳಿ ಹಾಕಿದ, ಗಂಡಸರು ತಳ್ಳಿದರು, ಅಸದುಲ್ಲಾ ಬಸ್ಸನ್ನು ಹುಚ್ಚು ಹಿಡಿದವನ ಹಾಗೆ ಬಿಟ್ಟ. ಮದ್ದೂರು ಸ್ಟೇಷನ್ನಿನ ಮುಂದೆ ನಿಂತಾಗ ರೈಲು ಬರುವ ಸೂಚನೆಯ ಕೈಮರ ಇನ್ನೂ ಬಿದ್ದಿರಲಿಲ್ಲ. ಗೆದ್ದ! ರೈಲಿಗೆ ಇನ್ನೂ ಹೊತ್ತಿತ್ತು, ಕೆಲಸ ಉಳಿಯಿತು.

ಗೌಡರು ಕೆಳಗಿಳಿದರು, ಆದರೆ ಹೋಗಲಿಲ್ಲ. ಬಾಗಿಲ ಹತ್ತಿರವೇ ನಿಂತು, "ಮೊದ್ಲು ಈ ಅಜ್ಜಿ, ಮೊಮ್ಮಗ್ಳು ಇಬ್ರೂ ಇಳೀರಿ. ಇನ್ಮೇಕೆ ಇವ್ರುನ್ನ ಅತ್ತುಸ್ಬ್ಯಾಡ ಕಣ್ಲಾ," ಅಂದರು.

ಮರಿತಾಯಮ್ಮ ತಲೆ ಮೇಲೆ ಬುಟ್ಟಿ ಹೊತ್ತು, ಸುರಯ್ಯಾಳನ್ನು ಸೊಂಟಕ್ಕೇರಿಸಿಕೊಂಡು ಇಳಿದಳು. ಅಸದುಲ್ಲಾನಿಗೆ ಕಣ್ಣಿನಲ್ಲೇ ಸನ್ನೆ ಮಾಡಿದಳು: ಆ ಅರಳಿಮರದ ಹಿಂದೆ ಇರ್ತೀನಿ, ನೀನು ಆಮೇಲೆ ಬಾ. ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಸುಮ್ಮನಿದ್ದರೆ ಸಾಕಾಗಿತ್ತು. ಅಷ್ಟೇ ಸಾಕಾಗಿತ್ತು.

ಆದರೆ ಸುರಯ್ಯಾ ಮುದುಕಿಯ ಹೆಗಲ ಮೇಲಿಂದ ತಿರುಗಿ ನೋಡಿದಳು. ಅಳಲಿಲ್ಲ, ಹಟ ಮಾಡಲಿಲ್ಲ. ಹೇಳಿಕೊಟ್ಟ ಹಾಗೆ, ಒಂದಿಷ್ಟೂ ತಪ್ಪಿಲ್ಲದೆ, ಕೈ ಬೀಸಿ ಅಂದಳು: "ಡ್ರೈವರ್, ಹೋಗ್ತೀನಿ."

 ಹುಟ್ಟಿದಾಗಿನಿಂದ ಒಂದು ಮಾತೂ ಕೇಳದ ಮಗಳು ಇವತ್ತು ಕೇಳಿದ್ದಳು, ಅದೂ ಈ ಮಾತನ್ನು. ಅಸದುಲ್ಲಾ ಸ್ಟೇರಿಂಗು ಬಿಟ್ಟು ಕೆಳಗೆ ಧುಮುಕಿದ.

"ನನ್ ಮಗ್ಳು ಗೌಡ್ರೇ! ಅವ್ಳು ಹೊಂಬಾಳಿ ಅಲ್ಲ, ಸುರಯ್ಯಾ. ಮುದ್ದೆ ಇಕ್ಕೋದ ಕಲ್ಸ್ದೋನೂ ನಾನೇಯ. ಕೆಲ್ಸ ತಗೊಳಿ, ನನ್ ಮಗ್ಳು ನಂಗಿರ್ಲಿ." ಹೇಳುತ್ತ ಹೇಳುತ್ತ ಅತ್ತೇಬಿಟ್ಟ. ಮಗಳನ್ನು ಕಿತ್ತುಕೊಂಡು ಎದೆಗವಚಿದ. "ಅನ್ನು ಬೇಟಿ, ಅಬ್ಬಾ ಅನ್ನು."

"ಅಬ್ಬಾ!" ಅಂದವಳೇ ಸುರಯ್ಯಾ ಅಪ್ಪನ ತೋಳಿನಿಂದ ಜಾರಿ, ಗೌಡರು ಬಾಯಿ ತೆರೆಯುವುದರೊಳಗೆ ಅವರ ಮುಂದೆ ಹೋಗಿ ಬೆರಳು ಚಾಚಿದಳು. "ಅಬ್ಬಾ ಅಂದೆ. ಕಚ್ಚು."

"ಏನ್ ಇವ್ಳು ಹೇಳ್ತಿರಾದು?"

ಅಸದುಲ್ಲಾ ತಲೆ ತಗ್ಗಿಸಿ ಅದನ್ನೂ ಹೇಳಿದ. ಗೌಡರ ಮೀಸೆ ಕುಣಿಯಿತು. ಅಷ್ಟರಲ್ಲಿ ರೈಲು ಬಂತು. ಗೌಡರು ಹೊರಟರು. ಸುರಯ್ಯಾ ಪಂಚೆ ಹಿಡಿದುಕೊಂಡಳು. ಎಳೆದರೆ ಪಂಚೆಯೇ ಕೈಗೆ ಬರುವ ಹಾಗಿತ್ತು. ಸ್ಟೇಷನ್ನಿನ ಜನವೆಲ್ಲ ನೋಡುತ್ತಿದೆ. ಬೇರೆ ದಾರಿ ಕಾಣದೆ ಗೌಡರು ಬಗ್ಗಿ ಆ ಬೆರಳನ್ನು ಹಲ್ಲಿನ ನಡುವೆ ಮೆಲ್ಲಗೆ ಹಿಡಿದು ಬಿಟ್ಟರು. "ಹೂಂ, ಕಚ್ದೆ. ಬುಡು ಈಗ."

ಸುರಯ್ಯಾ ಬೆರಳನ್ನು ತಿರುಗಿಸಿ ನೋಡಿದಳು. "ನೋವಿಲ್ಲ. ಸುಳ್ಳು," ಅಂದು ಮುಂದಿನ ಬೆರಳು ಚಾಚಿದಳು.

ಕೆಂಪಯ್ಯಗೌಡರನ್ನು ಸುಳ್ಳರು ಅಂದವರು ಆ ಸೀಮೆಯಲ್ಲಿ ಹುಟ್ಟಿರಲಿಲ್ಲ. ಅವರು ಎರಡನೇ ಬೆರಳನ್ನು ಇನ್ನೊಂದು ಚೂರು ಗಟ್ಟಿಯಾಗಿ, ಗುರ್ ಅಂತ ಸದ್ದು ಮಾಡಿ ಕಚ್ಚಿದರು. ಮಗು ಕಿಲಕಿಲ ನಕ್ಕು ಮೂರನೆಯದನ್ನು ಚಾಚಿತು. ಆ ನಗು ಇನ್ನೊಂದು ಸಲ ಕೇಳಬೇಕು ಅನ್ನಿಸಿತೋ ಏನೋ, ಗೌಡರು ಕೊಡೆ ಕೆಳಗಿಟ್ಟು ಕುಕ್ಕರುಗಾಲಲ್ಲಿ ಕೂತರು. ಏಳನೇ ಬೆರಳಿಗೆ ಬರುವಷ್ಟರಲ್ಲಿ ರೈಲು ಕೂಗು ಹಾಕಿ ಬೆಂಗಳೂರಿನ ಕಡೆ ಹೊರಟುಹೋಯಿತು.

ಯಾರ ಮೇಲೆ ಕೂಗಾಡುವುದು? ಬಸ್ಸು ಹೊತ್ತಿಗೆ ಸರಿಯಾಗಿ ಬಂದಿತ್ತು. ಗೌಡರು ಅದೇ ಬಸ್ಸು ಹತ್ತಿ ಅದೇ ಸೀಟಿನಲ್ಲಿ ಕೂತರು. ಮಳವಳ್ಳಿಯವರೆಗೂ ಸುರಯ್ಯಾ ಅವರ ತೊಡೆಯ ಮೇಲಿದ್ದಳು. ಮೀಸೆ ಯಾಕೆ ಇದೆ, ತಲೆ ಮೇಲೆ ಯಾಕೆ ಕೂದಲಿಲ್ಲ, ಹೊಟ್ಟೆಯೊಳಗೆ ಯಾರಿದ್ದಾರೆ, ಎಲ್ಲವನ್ನೂ ಕೇಳಿದಳು. ಮೀಸೆ ನಿಜವಾದದ್ದೇ ಅಂತ ಎಳೆದು ನೋಡಿಯೂ ಖಾತ್ರಿ ಮಾಡಿಕೊಂಡಳು. ಅಸದುಲ್ಲಾ ರಸ್ತೆ ಬಿಟ್ಟು ಬೇರೆಲ್ಲೂ ನೋಡಲಿಲ್ಲ. ಇದೇ ತನ್ನ ಕೊನೆಯ ಟ್ರಿಪ್ಪು ಅಂದುಕೊಂಡು ಪ್ರತಿಯೊಂದು ಗೇರನ್ನೂ ಮೆಲ್ಲಗೆ ಹಾಕಿದ.

ಮಳವಳ್ಳಿಯಲ್ಲಿ ಗೌಡರು ಇಳಿದರು. ಅರ್ಧ ಮೀಸೆ ಮೇಲಕ್ಕೆ, ಅರ್ಧ ಕೆಳಕ್ಕೆ. ಅಸದುಲ್ಲಾ ಬಸ್ಸಿನ ಬೀಗದ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಅವರ ಮುಂದೆ ಚಾಚಿದ.

ಗೌಡರು ಅದನ್ನು ಮುಟ್ಟಲಿಲ್ಲ.

"ಏನ್ಲಾ, ನಾಳಿಕ್ ಬಸ್ಸು ನಾನ್ ಓಡುಸ್ಲಾ?" ಅಂದರು. "ಈ ಹೆಣ್ಮಗ ಬಸ್ನಾಗಿರೋಗಂಟ ನಾನ್ ಈ ಬಸ್ ಅತ್ತಾಕಿಲ್ಲ. ನಡ್ಕಂಡಾದ್ರೂ ಓಯ್ತೀನಿ."