ಗುತ್ತೆವ್ವ ಹೊಟ್ಟೆತುಂಬ ಉಣಿಸಿದ ಕೋಳಿಗಳು

ಹುಲಗೂರಿನ ಶಾಲೆಯಲ್ಲಿ ಗುತ್ತೆವ್ವ ಬಿಸಿಯೂಟ ಮಾಡುತ್ತಿದ್ದಷ್ಟು ಕಾಲ ಯಾವ ಮಗುವೂ ಅರೆಹೊಟ್ಟೆಯಲ್ಲಿ ಎದ್ದುಹೋದದ್ದಿಲ್ಲ. "ಇನ್ನೊಂದು ಸೌಟು ಹಾಕಿಸ್ಕೊ ನನ್ನಪ್ಪಾ" ಎಂದು ಬೆನ್ನು ಸವರಿ ಬಡಿಸುತ್ತಿದ್ದಳು. ವಯಸ್ಸಾಯಿತೆಂದು ಅವಳನ್ನು ಕೆಲಸದಿಂದ ಬಿಡಿಸಿದ ಮೇಲೆ ಮನೆಯಲ್ಲಿ ಹೊತ್ತೇ ಹೋಗಲೊಲ್ಲದಾಯಿತು. ಶಾಲೆಯ ಮಕ್ಕಳಿಗೆ ಬೇಕಾದ ಮೊಟ್ಟೆಗಳನ್ನು ತಾನೇ ಒದಗಿಸುವೆನೆಂದು ಹೆಡ್‌ಮಾಸ್ತರರನ್ನು ಒಪ್ಪಿಸಿದಳು. ಆ ನೆಪದಿಂದಲಾದರೂ ಮಕ್ಕಳ ನಡುವೆ ಹೋಗಿ ನಿಲ್ಲಬಹುದಲ್ಲ!

ಕೋಳಿಮರಿಗಳನ್ನು ತಂದುಕೊಟ್ಟ ಫಕ್ರುಸಾಬ ಎಚ್ಚರಿಸಿದ್ದ: "ಅಕ್ಕಾ, ಎಳೇವು ಅದಾವ, ಕಾಳು ಅಳತಿ ಮ್ಯಾಲ ಹಾಕ್ರಿ. ತಡಾ ಆದ್ರೂ ದೊಡ್ಡ ತತ್ತಿ ಇಡತಾವ, ಭಾಳ ದಿನ ಇಡತಾವ."

"ಉಪಾಸ ಕೆಡವಿ ತತ್ತಿ ಕೇಳಲೇನೋ ಸಾಬಾ? ನಿನ್ನ ಮಕ್ಕಳನ್ನ ಹಂಗ ಬೆಳಸೀಯೇನ?" ಎಂದು ಗುತ್ತೆವ್ವ ನಕ್ಕುಬಿಟ್ಟಳು.

ಮರಿಗಳು ಸೀರೆಯ ಅಂಚು ಕುಕ್ಕಿ ಕೂಗಿದರೆ ಅವಳಿಗೆ ತಡೆಯಲಾಗುತ್ತಿರಲಿಲ್ಲ. ಗೋವಿನಜೋಳದ ನುಚ್ಚು, ಶೇಂಗಾಹಿಂಡಿ, ಮಿಕ್ಕ ಅನ್ನ, ಎಲ್ಲವನ್ನೂ ಸುರಿದಳು. ಕೋಳಿಗಳು ಬೇಗನೆ ಮೈತುಂಬಿಕೊಂಡು, ಸಾಬ ಹೇಳಿದ್ದಕ್ಕಿಂತ ಮೊದಲೇ ಮೊಟ್ಟೆಗೆ ಬಂದವು. ಹಿಗ್ಗಿಗೆ ಗುತ್ತೆವ್ವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಬುಟ್ಟಿ ಹೊತ್ತು ಶಾಲೆಗೆ ಹೋದಾಗ ಹೊಸ ಅಡುಗೆಯವಳಾದ ಯಂಕವ್ವ ಒಂದನ್ನೆತ್ತಿ ನೋಡಿದಳು. "ಎವ್ವಾ, ಇವನ್ನ ಕೋಳಿ ಇಟ್ಟಾವೋ, ಗುಬ್ಬಿ ಇಟ್ಟಾವೋ?"

ಊಟದ ಸಾಲಿನಲ್ಲಿ ಒಬ್ಬ ಹುಡುಗಿ ತನ್ನ ಪುಟ್ಟ ಮೊಟ್ಟೆಯನ್ನು ಪಕ್ಕದವಳ ತುಸು ದೊಡ್ಡದರ ಜೊತೆ ಹಿಡಿದು ನೋಡಿ ಅಳತೊಡಗಿದಳು. ಗುತ್ತೆವ್ವ ಕೊಟ್ಟದ್ದನ್ನು ನೋಡಿ ಮಗು ಅತ್ತದ್ದು ಅದೇ ಮೊದಲು. ಮೊಟ್ಟೆ ದೊಡ್ಡವಾದ ಮೇಲೆ ತನ್ನಿರೆಂದು ಹೆಡ್‌ಮಾಸ್ತರರು ಮೆಲ್ಲಗೆ ಹೇಳಿ ಕಳಿಸಿದರು.

ಮೊಟ್ಟೆಗಳು ದೊಡ್ಡವಾಗಲಿಲ್ಲ. ಕೆಲವು ಕೋಳಿಗಳು ಮೊಟ್ಟೆಯಿಡುವಾಗ ಕರುಳು ಹೊರಬಿದ್ದು ಸತ್ತವು. ಉಳಿದವು ಇಡುವುದನ್ನೇ ನಿಲ್ಲಿಸಿದವು. ಫಕ್ರುಸಾಬ ಬಂದು ಒಂದರ ಹೊಟ್ಟೆ ಅಮುಕಿ ನೋಡಿದ.

"ಬರೇ ಕೊಬ್ಬು, ಅಕ್ಕಾ. ಎಲುಬು ಬಲಿಯೂದಕ್ಕ ಮೊದಲ ತತ್ತಿಗೆ ಹಚ್ಚೀರಿ."

"ಇವತ್ತಿನಿಂದ ಕಡಿಮಿ ಹಾಕತೇನಿ. ಆಗ ಇಡತಾವಲ್ಲೇನೋ?"

"ಎಲ್ಲೋ ಒಂದೊಂದು ಇಟ್ಟಾವು. ಸಾಲೀಗೆ ಕೊಡೂವಷ್ಟಲ್ಲ."

ಆದರೂ ಅವಳು ಕಾಳು ಕಡಿಮೆ ಮಾಡಿ ನೋಡಿದಳು. ಕೋಳಿಗಳು ದಿನವಿಡೀ ಅವಳ ಹಿಂದೆಯೇ ಕೂಗುತ್ತ ತಿರುಗಿದವು. ಗೂಡು ಮಾತ್ರ ಬರಿದಾಗಿಯೇ ಇತ್ತು. ಕೊನೆಗೆ ಸಾಬನೇ ಅವುಗಳನ್ನು ಮಾಂಸಕ್ಕೆಂದು ಕಟ್ಟಿಕೊಂಡು ಹೋದ.

ಈಗ ಶಾಲೆಗೆ ಶಿಗ್ಗಾಂವದಿಂದ ಮೊಟ್ಟೆ ಬರುತ್ತವೆ. ದಾರಿಯಲ್ಲಿ ಮಕ್ಕಳು "ಗುತ್ತೆವ್ವಜ್ಜಿ, ಸಾಲೀಗೆ ಯಾಕ ಬರವಲ್ಲಿ?" ಎಂದು ಕೇಳಿದರೆ, "ಕೆಲಸ ಐತ್ರಪಾ" ಎನ್ನುತ್ತಾಳೆ. ಮಾಡಲು ಅವಳಿಗೆ ಯಾವ ಕೆಲಸವೂ ಇಲ್ಲ.