ಕೆಳಗಿನ ಮನೆಯ ಕಾಕು ಮತ್ತು ಸೀಸದ ಗಾಳ

ಕಳೆದ ವಾರ ಕಾರಿನ ಚಕ್ರಗಳ ಬ್ಯಾಲೆನ್ಸಿಂಗ್ ಮಾಡಿಸಲು ಇಲ್ಲಿ, ಸಂಭಾಜಿನಗರದ ಒಂದು ಟೈರ್ ಅಂಗಡಿಗೆ ಹೋಗಿದ್ದೆ. ಕೆಲಸದವನು ಚಕ್ರದ ಅಂಚಿಗೆ ಬಡಿದಿದ್ದ ಹಳೆಯ ಸೀಸದ ತುಂಡನ್ನು ಇಕ್ಕಳದಿಂದ ಕಿತ್ತು ಡಬ್ಬಿಗೆ ಎಸೆದ. ಠಣ್ ಎನ್ನಲಿಲ್ಲ, ಧಪ್ ಎಂದಿತು. ಆ ಮೊಂಡು ಸದ್ದು ಕೇಳಿದ್ದೇ ತಡ, "ಅದನ್ನ ನನಗೆ ಕೊಡ್ತೀರಾ?" ಎಂದು ಮರಾಠಿಯಲ್ಲಿ ಕೇಳಿಯೇಬಿಟ್ಟಿದ್ದೆ.

ಅವನು ನನ್ನನ್ನೂ ನನ್ನ ಕೈಚೀಲವನ್ನೂ ಒಮ್ಮೆ ನೋಡಿದ. "ಯಾಚಂ ಕಾಯ್ ಕರ್ಣಾರ್, ಮ್ಯಾಡಂ?" ಎಂದ. ಇದನ್ನು ಒಯ್ದು ಏನು ಮಾಡುತ್ತೀರಿ ಎಂಬ ಪ್ರಶ್ನೆಗೆ ನನ್ನ ಬಳಿ ಚಿಕ್ಕ ಉತ್ತರವಿರಲಿಲ್ಲ. ಬರೇ ನಕ್ಕೆ. ತುಂಡನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದೆ.

ಉತ್ತರ ಇದ್ದದ್ದು ನಾಶಿಕದ ನಮ್ಮ ಕೆಳಗಿನ ಮನೆಯ ಕಾಕುವಿನ ಹತ್ತಿರ. ಮದುವೆಯಾಗಿ ಬೀದರ ಜಿಲ್ಲೆಯಿಂದ ಆ ಊರಿಗೆ ಬಂದಾಗ ನನಗೆ ಇಪ್ಪತ್ತನಾಲ್ಕು. ನಮ್ಮವರು ಕಾರ್ಖಾನೆಯಲ್ಲಿ ಪಾಳಿ ಕೆಲಸದಲ್ಲಿದ್ದರು. ನನಗೆ ಆ ಊರಿನಲ್ಲಿ ಒಂದು ನರಪಿಳ್ಳೆಯ ಪರಿಚಯವೂ ಇರಲಿಲ್ಲ. ಕೆಳಗಿನ ಮನೆಯಲ್ಲಿ ಒಬ್ಬರೇ ಇದ್ದ ಕಾಕು ಕಲಬುರಗಿ ಕಡೆಯವರು, ಅರವತ್ತು ದಾಟಿದವರು. ಗಂಡ ನೀರಾವರಿ ಇಲಾಖೆಯಲ್ಲಿದ್ದು ತೀರಿಕೊಂಡಿದ್ದರು. ಒಬ್ಬಳೇ ಮಗಳು ಸಂಭಾಜಿನಗರದಲ್ಲಿ ಸಂಸಾರ ಹೂಡಿದ್ದಳು. ಕಾಕು ಎಂದರೆ ಚಿಕ್ಕಮ್ಮ. ಕಟ್ಟಡದ ಮರಾಠಿಯವರಿಗೂ ಅವರು ಕಾಕು, ನಮಗೂ ಕಾಕು. ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ.

ಬಂದ ಹೊಸತರಲ್ಲಿ ಒಂದು ದಿನ ಹಪ್ಪಳ ಒಣಹಾಕಲು ಮಾಳಿಗೆಗೆ ಹೋದೆ. ಹಣೆತುಂಬ ವಿಭೂತಿ, ಮೂಗಿನ ತುದಿಯಲ್ಲಿ ಕನ್ನಡಕ, ಮುಂದೆ ಇದ್ದಿಲ ಶೇಗಡಿ. ಅದರ ಮೇಲೆ ಹಳೆಯ ಕಬ್ಬಿಣದ ಸೌಟೊಂದನ್ನು ಹಿಡಿದು ಕಾಕು ಕೂತಿದ್ದರು. ಸೌಟಿನಲ್ಲಿ ಬೆಳ್ಳಿಯಂಥದ್ದೇನೋ ಮಿರಮಿರ ಮಿಂಚುತ್ತಿತ್ತು.

"ಏನ್ ಅಡಿಗಿ ನಡದದ್ರಿ ಕಾಕು?" ಎಂದೆ, ಮಾತಿಗೆ.

"ಮೀನಿಂದವ್ವ," ಎಂದರು, ತಲೆ ಎತ್ತದೆ.

ಮೀನು! ಬೆಳಿಗ್ಗೆ ಲಿಂಗಪೂಜೆಯಾಗದೆ ಚಹಾ ಕೂಡ ಮುಟ್ಟದ ಹೆಂಗಸು! ಬೆಳ್ಳುಳ್ಳಿಯ ಖಾರವನ್ನೇ ದೊಡ್ಡ ಸಾಹಸವೆಂದು ತಿಳಿದ ಮನೆಯಿಂದ ಬಂದವಳು ನಾನು. ಹಪ್ಪಳ ಹಾಗೇ ಎತ್ತಿಕೊಂಡು ಇಳಿದುಬಿಡಲೇ ಎಂದುಕೊಂಡೆ. ಕಾಕು ನನ್ನ ಮುಖ ನೋಡಿ ಗೊಳ್ಳೆಂದು ನಕ್ಕರು. "ಕೂಡು. ತಿನ್ನಾಕ ಅಲ್ಲ, ಹಿಡಿಲಾಕ. ಹಿಡದು ಬಿಡ್ತೀನಿ," ಎಂದರು. ಆ ದಿನ ಹಪ್ಪಳ ಒಣಗಿದವೋ ಇಲ್ಲವೋ ನೆನಪಿಲ್ಲ. ಮಧ್ಯಾಹ್ನದವರೆಗೆ ಅಲ್ಲೇ ಕೂತಿದ್ದೆ.

ಕಥೆ ಇಷ್ಟು. ಅವರ ಯಜಮಾನರು ಒಂದು ಅಣೆಕಟ್ಟಿನ ಕಾಲೊನಿಯಲ್ಲಿದ್ದಾಗ ಅಲ್ಲಿಗೆ ಬಂದಿದ್ದ ವಿದೇಶಿ ಎಂಜಿನಿಯರೊಬ್ಬ ತನ್ನ ದೇಶಕ್ಕೆ ಮರಳುವಾಗ ಒಂದು ಗಾಳದ ಕೋಲು, ಒಂದು ಪೆಟ್ಟಿಗೆ ಜಿಗ್ಗುಗಳನ್ನು ಇವರಿಗೆ ಕೊಟ್ಟುಹೋದ. ಜಿಗ್ ಎಂದರೆ ಬೇರೇನಲ್ಲ. ಸೀಸದ ಪುಟ್ಟ ತಲೆ, ಅದರೊಳಗಿಂದ ಹೊರಬಂದ ಕೊಕ್ಕೆ, ಕೊಕ್ಕೆಯನ್ನು ಮುಚ್ಚುವಂತೆ ಲಂಗದ ಹಾಗೆ ಇಳಿಬಿದ್ದ ಎಳೆಗಳು. ಎರೆಹುಳ ಬೇಡ, ಹಿಟ್ಟಿನ ಉಂಡೆ ಬೇಡ. ಅವನ ದೇಶದ ಬಾಸ್ ಎಂಬ ಮೀನಿಗಾಗಿ ಮಾಡಿದ್ದಂತೆ. ಗೋದಾವರಿಯ ಮರಳ್, ಅಂದರೆ ನಮ್ಮ ಕೊರವ ಮೀನಿಗೆ ಆ ಭೇದ ತಿಳಿಯಲಿಲ್ಲ, ಅದೂ ಬಾಯಿ ಹಾಕುತ್ತಿತ್ತು. ಆದರೆ ಯಜಮಾನರಿಗೆ ಮಾತ್ರ ಹಾಕಲಿಲ್ಲ. ಅವರಿಗೆ ತಾಳ್ಮೆ ಕಡಿಮೆ. ಬುತ್ತಿ ಹೊತ್ತುಕೊಂಡು ಜೊತೆಗೆ ಹೋದ ಕಾಕು, ಅವರು ಬೀಡಿ ಹಚ್ಚುವಷ್ಟರಲ್ಲಿ ಕೋಲು ಹಿಡಿದರಂತೆ, ಹಿಡಿದ ಕೂಡಲೇ ಮೀನು ಬಿತ್ತಂತೆ. "ಅವತ್ತಿನಿಂದ ಬುತ್ತಿ ಅವರ ಕೈಯಾಗ, ಕೋಲು ನನ್ನ ಕೈಯಾಗ" ಎನ್ನುತ್ತಿದ್ದರು.

ಪೆಟ್ಟಿಗೆಯ ಜಿಗ್ಗುಗಳು ಕಲ್ಲಿಗೆ ಸಿಕ್ಕಿ, ಜೊಂಡಿಗೆ ಸಿಕ್ಕಿ ಖಾಲಿಯಾದ ಮೇಲೆ ತಾವೇ ಮಾಡತೊಡಗಿದರು. ಟೈರ್ ಅಂಗಡಿಗಳಿಂದ ಸೀಸ. ಬಳಪದ ಕಲ್ಲಿನಲ್ಲಿ ಕೊರೆದ ಅಚ್ಚು. ಲಂಗಕ್ಕೆ ಯೇವಲಾದ ರೇಷ್ಮೆ. ಅಲ್ಲಿಯ ಪೈಠಣಿ ಸೀರೆಯ ನೇಕಾರರ ಮನೆಯೊಂದು ಅವರಿಗೆ ಗುರುತಿತ್ತು, ಮಗ್ಗದ ಕೆಳಗೆ ಬಿದ್ದ ತುಂಡು ಎಳೆಗಳನ್ನು ಕಟ್ಟಿಕೊಡುತ್ತಿದ್ದರು. ಜೊಂಡಿಗೆ ಕೊಕ್ಕೆ ಸಿಕ್ಕದಿರಲೆಂದು ಅದರ ಮುಂದೆ ಪ್ಲಾಸ್ಟಿಕ್ ಪೊರಕೆಯ ನಾಲ್ಕು ಕಡ್ಡಿ. ಸೀಸದ ತಲೆಗೆ ಬಣ್ಣ ನನ್ನ ಮದುವೆಯ ನೇಲ್ ಪಾಲಿಶ್. ಕೊಕ್ಕೆಯ ಒಳಮುಳ್ಳನ್ನು ಮಾತ್ರ ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡುತ್ತಿದ್ದರು, ಬಿಡುವಾಗ ಮೀನಿಗೆ ನೋವಾಗಬಾರದೆಂದು. ಹಬ್ಬಕ್ಕೆ ಬಂದ ನನ್ನ ನಾದಿನಿ ಅವರ ಕಿಟಕಿಯಲ್ಲಿ ಸಾಲಾಗಿ ತೂಗುತ್ತಿದ್ದ ಜಿಗ್ಗುಗಳನ್ನು ನೋಡಿ, "ಈ ಝುಮಕಿ ಎಲ್ಲಿ ತಗೊಂಡ್ರಿ?" ಎಂದು ಕೇಳಿದ್ದಳು. ಕಾಕು ಒಂದು ಜೊತೆ ಕೊಡಲೂ ತಯಾರಾಗಿದ್ದರು.

ನಾವು ಹೋಗುತ್ತಿದ್ದದ್ದು ಪಿಂಪಳಗಾಂವ್ ಕಡೆಯ ರಸ್ತೆ ಹಿಡಿದು, ದ್ರಾಕ್ಷಿ ತೋಟಗಳ ನಡುವೆ ಇಳಿದರೆ ಸಿಗುವ ಒಂದು ಸಣ್ಣ ಬಂಧಾರಕ್ಕೆ, ಹಳ್ಳಕ್ಕೆ ಅಡ್ಡ ಕಟ್ಟಿದ ಒಡ್ಡಿಗೆ. ನನ್ನ ಸ್ಕೂಟರು, ಹಿಂದೆ ಕಾಕು, ಅವರ ತೊಡೆಯ ಮೇಲೆ ಕೋಲು. ಸೋಮವಾರ ಹೋಗುವಂತಿಲ್ಲ, ಶ್ರಾವಣ ಪೂರ್ತಿ ಇಲ್ಲ. "ಮೀನಿಗೂ ರಜಾ ಬೇಕಲ್ಲ" ಎನ್ನುತ್ತಿದ್ದರು. ಇರುಮುಡಿ ಹೊತ್ತವರಷ್ಟು ಶ್ರದ್ಧೆ.

ಅವರು ಹೇಳಿಕೊಟ್ಟದ್ದು ಇಂದಿಗೂ ಕೈಯಲ್ಲಿದೆ. ನೀರು ಕೆಂಪಾಗಿದ್ದರೆ ಕಪ್ಪು ರೇಷ್ಮೆ, ತಿಳಿಯಾಗಿದ್ದರೆ ಹಸಿರು. ಜೊಂಡಿನ ಅಂಚಿಗೆ, ಕಲ್ಲಿನ ನೆರಳಿಗೆ ಜಿಗ್ಗು ಎಸೆಯಬೇಕು. ಎಸೆದ ಮೇಲೆ ನಮ್ಮ ಅವಸರಕ್ಕೆ ಕೆಲಸವಿಲ್ಲ. ಅದು ತಳಕ್ಕೆ ಇಳಿಯುವಾಗ ದಾರ ಸಡಿಲವೂ ಇರಬಾರದು, ಎಳೆದೂ ಹಿಡಿಯಬಾರದು, ಏಕೆಂದರೆ ಮೀನು ಬಾಯಿ ಹಾಕುವುದು ಹೆಚ್ಚಾಗಿ ಇಳಿಯುವಾಗಲೇ. ತಳ ಮುಟ್ಟಿದ ಮೇಲೆ ಕೋಲಿನ ತುದಿಯನ್ನು ಗೇಣುದ್ದ ಎತ್ತಬೇಕು, ಬಿಡಬೇಕು. ಮತ್ತೆ ಎತ್ತಬೇಕು, ಬಿಡಬೇಕು. ಆಗ ನೀರೊಳಗೆ ಲಂಗ ಅರಳಿ ಮುಚ್ಚಿಕೊಳ್ಳುತ್ತದೆ, ಸಿಗಡಿಯೋ ಏಡಿಯೋ ಕುಪ್ಪಳಿಸಿದ ಹಾಗೆ. ನಾನು ಮೊದಮೊದಲು ಬಾವಿಯಿಂದ ಕೊಡ ಸೇದಿದಂತೆ ಎಳೆಯುತ್ತಿದ್ದೆ.

"ತಂಗೀ, ಕಣ್ಣಿಲೆ ಹಿಡೀಬ್ಯಾಡ, ಬೆರಳಿಲೆ ಹಿಡಿ," ಎನ್ನುತ್ತಿದ್ದರು ಕಾಕು. "ರೊಟ್ಟಿ ತಟ್ಟೂವಾಗ ಎಲ್ಲಿ ತೆಳ್ಳಗಾತು, ಎಲ್ಲಿ ದಪ್ಪ ಅದ ಅಂತ ಕೈಗೇ ತಿಳೀತದಲ್ಲ, ಹಂಗ."

ದಾರವನ್ನು ತೋರುಬೆರಳ ಮೇಲೆ ಹಾಯಿಸಿಕೊಂಡು ನಿಂತರೆ ಕಲ್ಲು ಸವರಿದ್ದು, ಜೊಂಡು ತಡೆದದ್ದು, ಎಲ್ಲ ಬೆರಳಿಗೆ ಬರುತ್ತದೆ. ನಡುವೆ ಒಮ್ಮೆ ಟಕ್... ಕೂಡಲೇ ಎಳೆಯಬಾರದು. ಕೋಲನ್ನು ಒಂದಿಷ್ಟು ತಗ್ಗಿಸಿ, ಉಸಿರು ಬಿಡುವಷ್ಟು ಹೊತ್ತು ಕಾದು, ಆಮೇಲೆ ಸರಕ್ಕನೆ ಎತ್ತಿ ಜಗ್ಗಬೇಕು. ಸಿಕ್ಕ ಮೀನನ್ನು ಕಾಕು ಕೈ ಒದ್ದೆ ಮಾಡಿಕೊಂಡೇ ಹಿಡಿಯುತ್ತಿದ್ದರು. "ಸಾಕಾತೇನಪಾ? ಹೋಗು, ಮನ್ಯಾಗ ಕಾಯ್ತಿರ್ತಾರ," ಎಂದು ನೀರಿಗೆ ಬಿಡುತ್ತಿದ್ದರು.

ಎರಡು ವರ್ಷ ಹೀಗೆ ನಡೆಯಿತು. ಒಂದು ಬೆಳಿಗ್ಗೆ ನಾನು ಮೊಸರಿನ ಹೆಪ್ಪಿಗೆಂದು ಕೆಳಗೆ ಹೋದಾಗ ಕಾಕು ರೊಟ್ಟಿ ಬೇಯಿಸುತ್ತಿದ್ದರು. ಏನೋ ಸುಟ್ಟ ವಾಸನೆ. ನೋಡಿದರೆ ಅವರ ತೋರುಬೆರಳು ಹಂಚಿನ ಅಂಚಿಗೆ ತಾಗಿಕೊಂಡೇ ಇತ್ತು. ನಾನು ಚೀರಿ ಕೈ ಎಳೆದೆ. ಅವರಿಗೆ ಆವರೆಗೆ ಗೊತ್ತೇ ಆಗಿರಲಿಲ್ಲ. ಸಕ್ಕರೆ ಕಾಯಿಲೆ ಬೆರಳುಗಳ ಸ್ಪರ್ಶ ತಿಂದುಹಾಕಿದೆ ಎಂದರು ವೈದ್ಯರು. ಬೊಬ್ಬೆಗೆ ಮುಲಾಮು ಹಚ್ಚುವಾಗ ಕಾಕು ಆಡಿದ್ದು ರೊಟ್ಟಿಯ ಮಾತಲ್ಲ.

"ನಾಕೈದು ತಿಂಗಳಾತು, ಒಂದೂ ಮೀನು ಬಿದ್ದಿಲ್ಲ. ಮೀನೇ ಬರವಲ್ಲವು ಅಂತ ತಿಳದಿದ್ದೆ. ಬಂದು ಬಂದು ಹೋಗ್ಯಾವೇನೋ... ನನಗೇ ತಿಳದಿಲ್ಲೇನೋ," ಎಂದರು. ಅವರ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಹಿಂದೆ ಕೇಳಿರಲಿಲ್ಲ.

ಮಗಳು ಆಗಲೇ ತನ್ನಲ್ಲಿಗೆ ಬರುವಂತೆ ಒತ್ತಾಯಿಸುತ್ತಿದ್ದಳು. ವೈದ್ಯರ ಮಾತು ಕೇಳಿದ ಮೇಲೆ ಕಾಕು ಒಂದು ಕರಾರು ಹಾಕಿದರು. ದೀಪಾವಳಿಯೊಳಗೆ ಮೀನಿನ ಒಂದೇ ಒಂದು ಟಕ್ ತಮಗೆ ತಿಳಿದರೆ ನಾಶಿಕದಲ್ಲೇ ಇರುವುದು. ತಿಳಿಯದಿದ್ದರೆ ಕೋಲನ್ನು ಯಾರಿಗಾದರೂ ಕೊಟ್ಟು ಮಗಳ ಮನೆಗೆ ಹೋಗಿಬಿಡುವುದು. ಶ್ರಾವಣ ಮುಗಿದಿತ್ತು. ಎರಡು ತಿಂಗಳು ಕೈಯಲ್ಲಿತ್ತು.

ಬೆರಳು ಹೋದರೇನು, ಮೈ ಇಲ್ಲವೇ ಎಂದು ಶುರುವಾಯಿತು ನೋಡಿ ಕಾಕುವಿನ ಸಂಶೋಧನೆ! ದಾರವನ್ನು ಮುಂಗೈಗೆ ತಾಗಿಸಿಕೊಂಡರು, ಬಳೆ ಅಡ್ಡ ಬಂತು. ಮೊಣಕೈ ಒಳಗೆ ಸಿಕ್ಕಿಸಿಕೊಂಡರು, ಕೋಲು ಎತ್ತಲಾಗಲಿಲ್ಲ. ಕಾಲಿನ ಹೆಬ್ಬೆರಳಿಗೆ ಸುತ್ತಿಕೊಂಡು ಬಂಡೆಯ ಮೇಲೆ ಕೂತರು, ಕಾಲು ಜೋಮು ಹಿಡಿದು ಏಳಿಸಲು ಇಬ್ಬರು ಬೇಕಾದರು. ಪಕ್ಕದ ತೋಟದ ರೈತ ಬಂದು ರಟ್ಟೆ ಹಿಡಿದ. ಕಿವಿಗೆ ಹಾಕಿಕೊಂಡ ದಿನ ಓಲೆ ಸಿಕ್ಕಿಕೊಂಡಿತು. ಕೊನೆಗೆ ದಾರವನ್ನು ಕೆಳತುಟಿಗೆ ತಾಗಿಸಿ ನಿಂತರು, ಪೀಪಿ ಊದುವವರ ಹಾಗೆ. "ಗಾಳಿ ಬೀಸಿದ್ದು ತಿಳೀಲಾಕತ್ಯದ" ಎಂದರು. ಗಾಳಿ ಸರಿ, ಮೀನು? ವಾರಗಳು ಕಳೆದವು. ಬಂಧಾರದ ಮೀನುಗಳಿಗೆ ನಮ್ಮ ಕರಾರು ಗೊತ್ತಿದ್ದಂತಿರಲಿಲ್ಲ.

ದೀಪಾವಳಿಗೆ ಎಂಟು ದಿನ ಉಳಿದಿತ್ತು. ಆ ಬೆಳಿಗ್ಗೆ ಕಾಕು ಜಿಗ್ಗು ಎತ್ತುತ್ತ ಬಿಡುತ್ತ ಕಣ್ಣು ಮುಚ್ಚಿ ನಿಂತಿದ್ದರು. ಮುಖ ಬಾಡಿತ್ತು. ನಾನು ಅವರ ಪಕ್ಕದಲ್ಲೇ ಇದ್ದೆ. ನನಗೆ ಏನಾಯಿತೋ... ಕೈ ಚಾಚಿ, ತುಟಿಯಿಂದ ಆಚೆ ದಾರವನ್ನು ಉಗುರಿನಿಂದ ಟಕ್ ಟಕ್ ಎಂದು ಮೀಟಿಬಿಟ್ಟೆ.

"ಬಂತು!" ಎಂದು ಕೂಗಿ ಕಾಕು ಕೋಲನ್ನು ಎತ್ತಿ ಜಗ್ಗಿದರು. ನೀರಿನಿಂದ ಜಿಗ್ಗು ಖಾಲಿಯಾಗಿ ಹಾರಿಬಂತು. "ಹೋತು ಬಿಡು! ಹೋದರ ಹೋಗ್ಲಿ! ತಿಳೀತು ತಂಗೀ, ನನಗ ತಿಳೀತು!" ಎಂದು ನನ್ನ ಎರಡೂ ಕೆನ್ನೆ ಹಿಡಿದು ಅಲ್ಲಾಡಿಸಿದರು. ದಾರಿಯುದ್ದಕ್ಕೂ ನಗುತ್ತಲೇ ಬಂದರು, ಈರುಳ್ಳಿ ಲಾರಿಯವರಿಗೂ ಕೈ ಬೀಸಿದರು. ಸಂಜೆಯೇ ಮಗಳಿಗೆ ಫೋನ್ ಮಾಡಿ, "ನಾ ಬರಂಗಿಲ್ಲ," ಎಂದು ಹೇಳಿದರು.

ನಾನು ನಮ್ಮವರಿಗೆ ಹೇಳಿದೆ. ಅವರು ಊಟದ ತಟ್ಟೆ ಎಳೆದುಕೊಳ್ಳುತ್ತ, "ವಯಸ್ಸಾದವರಿಗಿ ಹಿಂಗ ಮೋಸ ಮಾಡಬಾರದಿತ್ತು," ಎಂದರು. ನಿಜವೇ. ಒಂಟಿಯಾಗಿರುವ ಹೆಂಗಸು, ಕೈಗೆ ಸ್ಪರ್ಶವಿಲ್ಲ, ನನ್ನ ಸುಳ್ಳನ್ನು ನಂಬಿ ಮಗಳ ಮನೆಯನ್ನು ಬೇಡವೆಂದಿದ್ದಾರೆ. ಆ ರೊಟ್ಟಿಯ ಹಂಚು ನೆನಪಾಗಿ ನನಗೆ ಅನ್ನ ಸೇರಲಿಲ್ಲ. ಮಾರನೆಯ ದಿನದಿಂದ ಅವರ ರೊಟ್ಟಿಯನ್ನೂ ನಾನೇ ಬೇಯಿಸತೊಡಗಿದೆ. ಹೇಳಿಬಿಡಬೇಕೆಂದು ದಿನಾ ಅಂದುಕೊಳ್ಳುತ್ತಿದ್ದೆ, ಅವರ ಹುರುಪು ನೋಡಿ ನಾಳೆಗೆ ಮುಂದೂಡುತ್ತಿದ್ದೆ.

ದೀಪಾವಳಿ ಪಾಡ್ಯದ ಹಿಂದಿನ ದಿನ ಮತ್ತೆ ಹೋದೆವು. ಕಪ್ಪು ರೇಷ್ಮೆಯ ಜಿಗ್ಗು. ಮೂರನೆಯ ಎಸೆತಕ್ಕೆ ಕಾಕು ಬಾಯಿ ತೆರೆಯಲಿಲ್ಲ, ಕೂಗಲಿಲ್ಲ. ಕೋಲು ತಗ್ಗಿತು, ನಿಂತಿತು, ಆಮೇಲೆ ಸರಕ್ಕನೆ ಮೇಲೆದ್ದು ಬಿಲ್ಲಿನಂತೆ ಬಾಗಿತು. ನನ್ನ ಕೈ ನನ್ನ ಸೊಂಟದ ಮೇಲೇ ಇತ್ತು. ಮೊಣಕೈಯುದ್ದದ ಮರಳ್ ಮೀನು, ಬೆನ್ನು ಕಡುಹಸಿರು. ಕಾಕು ಅದನ್ನು ಒದ್ದೆ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ ನೀರಿಗೆ ಬಿಟ್ಟರು. ನಾನು ಅಳುತ್ತಿದ್ದೆ, ಅವರು ನನ್ನನ್ನು ನೋಡಿ ನಗುತ್ತಿದ್ದರು.

ಇನ್ನೂ ನಾಲ್ಕು ವರ್ಷ ಕಾಕು ನಾಶಿಕದಲ್ಲೇ ಇದ್ದರು. ಆಮೇಲೆ ಮಂಡಿ ಕೈಕೊಟ್ಟಿತು, ಮಗಳು ಬಂದು ಕರೆದೊಯ್ದಳು. ನನಗೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿ, ವರ್ಗವಾಗಿ ನಾವೂ ಇದೇ ಸಂಭಾಜಿನಗರಕ್ಕೆ ಬಂದೆವು. ಭಾನುವಾರಗಳಲ್ಲಿ ಹೋಗಿ ಮಾತಾಡಿಸಿ ಬರುತ್ತಿದ್ದೆ. ಒಂದು ಭಾನುವಾರ, ಬಾಲ್ಕನಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಾಗ, ತಡೆಯಲಾರದೆ ಹೇಳಿಯೇಬಿಟ್ಟೆ.

"ಕಾಕು, ಅವತ್ತು ಮೊದಲನೇ ಸಲ ಬಂತು ಅಂದ್ರಲ್ಲ, ಅದು ಮೀನಲ್ಲರಿ. ನಾ ದಾರ ಮೀಟಿದ್ದೆ."

ಕಾಕು ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಗೊತ್ತದ. ನೀ ಎರಡು ಸಲ ಬಡದಿ. ಮೀನು ಒಂದೇ ಸಲ ಬಡೀತದ."

ನಾನು ಕಕ್ಕಾಬಿಕ್ಕಿಯಾದೆ. "ಮತ್ತ ಅಷ್ಟ್ಯಾಕ ಖುಷಿ ಆಗಿದ್ರಿ?"

"ಹುಚ್ಚಿ! ಒಂದೋ ಎರಡೋ ಅಂತ ಎಣಿಸೂವಷ್ಟು ತುಟಿಗಿ ತಿಳೀತಲ್ಲ! ಅವತ್ತೇ ನನಗ ಧೈರ್ಯ ಬಂತು," ಎಂದು ಒಂದು ಕಾಳನ್ನು ನನ್ನ ಮೇಲೆ ಎಸೆದರು. ಇಷ್ಟು ವರ್ಷ ಎದೆಯಲ್ಲಿ ಕೂತಿದ್ದದ್ದು ಕರಗಿಹೋಯಿತು. ಇಬ್ಬರೂ ನಕ್ಕ ನಗೆಗೆ ಅವರ ಮಗಳು ಒಳಗಿಂದ ಓಡಿಬಂದಳು.

ಆ ಚಳಿಗಾಲ ಮುಗಿಯುವ ಮೊದಲೇ ಕಾಕು ಹೋದರು. ನಿದ್ದೆಯಲ್ಲೇ ಹೋದರೆಂದು ಮಗಳು ಹೇಳಿದಳು.

ಈಗಲೂ ಬಿಡುವಾದಾಗ ಊರ ಹೊರಗಿನ ಕೆರೆಗೆ ಹೋಗುತ್ತೇನೆ. ನಮ್ಮವರು ಕೊಡೆ ಹಿಡಿದು ದೂರದಲ್ಲಿ ಪೇಪರು ಓದುತ್ತಾರೆ. ನನ್ನ ಬೆರಳುಗಳಿಗೆ ಏನೂ ಆಗಿಲ್ಲ, ಆದರೂ ದಾರವನ್ನು ತುಟಿಗೇ ತಾಗಿಸಿಕೊಳ್ಳುತ್ತೇನೆ. ಮೀನು ಬರುತ್ತದೆ, ಹೋಗುತ್ತದೆ, ಚೆನ್ನಾಗಿಯೇ ತಿಳಿಯುತ್ತದೆ. ನೀರಿನ ಮುಂದೆ ನಿಂತಾಗ ಕಾಕು ಬಹಳ ನೆನಪಾಗುತ್ತಾರೆ... ಎಷ್ಟು ಹೊತ್ತು ನಿಂತರೂ ಬರುವುದೆಲ್ಲ ಒಂದೇ ಬಡಿತ. ಎರಡು ಸಲ ಬಡಿಯುವವರು ಪಕ್ಕದಲ್ಲಿ ಯಾರೂ ಇಲ್ಲ.